ಸೇತುವೆ ಮುಚ್ಚಿದ್ದ ನಲವತ್ತೊಂದು ದಿನ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಕೆಂಡಕ್ಕ ಎನ್ನುತ್ತಿದ್ದರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಕೆಂಡ. ಮೂವತ್ತೊಂದು ವರ್ಷ ಅವಳು ಅಲ್ಲಿ ಟೈಮ್ ಕೀಪರ್ ಆಗಿದ್ದಳು. ಗೇಟಿನ ಪಕ್ಕದಲ್ಲಿ ಗೂಡಿನಂಥ ಕೋಣೆ, ಒಂದು ಕಿಟಕಿ, ಗೋಡೆಗೊಂದು ಗಡಿಯಾರ, ಹಾಸಿದರೆ ಮೇಜೇ ಕಾಣದಷ್ಟು ಅಗಲದ ಲಾಗ್ ಶೀಟು. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಬಂತು, ತಡವಾಗಿದ್ದರೆ ಯಾಕೆ ಎಂದು ಬರೆಯುವುದು ಅವಳ ಕೆಲಸ. ಡ್ರೈವರುಗಳ ಬಾಯಿಮಾತನ್ನು ಅವಳು ಎಂದೂ ನಂಬಿದವಳಲ್ಲ. ಒಮ್ಮೆ ಒಬ್ಬ ಅರ್ಧ ಗಂಟೆ ತಡವಾಗಿ ಬಂದು, ರೈಲ್ವೆ ಗೇಟು ಹಾಕಿತ್ತು ಅಕ್ಕ, ಎಂದ. ಕೆಂಡಕ್ಕ ಅವನ ಎದುರಿಗೇ ಗೇಟಿನವನಿಗೆ ಫೋನು ಮಾಡಿದಳು.

"ಗೇಟು ನಾಲ್ಕು ನಿಮಿಷ ಹಾಕಿತ್ತಂತೆ. ಉಳಿದ ಇಪ್ಪತ್ತಾರು ನಿಮಿಷ ಯಾವ ಗೇಟಿನ ಮುಂದೆ ನಿಂತಿದ್ದೆ ಮಹಾರಾಯ?"

ಹೊಸಬರಿಗೆ ಅವಳು ಕಲಿಸುತ್ತಿದ್ದ ಪಾಠ ಒಂದೇ. ಬಸ್ಸಿನ ಸಮಯವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ; ಅದೇ ಹೊತ್ತಿಗೆ ರಸ್ತೆಯಲ್ಲಿ ಏನಾಗುತ್ತಿತ್ತು ಎಂದು ನೋಡಬೇಕು. ಎರಡನ್ನೂ ಅಕ್ಕಪಕ್ಕ ಬರೆದರೆ ಸುಳ್ಳು ತಾನಾಗಿ ಎದ್ದು ನಿಲ್ಲುತ್ತದೆ.

ಸಿಟ್ಟು ಅವಳ ಹುಟ್ಟುಗುಣ ಎಂದು ಮನೆಯವರು ಹೇಳುತ್ತಿದ್ದರು. ಅದು ಸುಳ್ಳು. ಆ ಸಿಟ್ಟನ್ನು ಅವಳಿಗೆ ಕೈಯಾರೆ ಕೊಟ್ಟವರು ಅವರೇ. ಅವಳ ಮನೆತನದಲ್ಲಿ ಒಂದು ಮಾತಿತ್ತು: ಓಡಿಹೋದವಳ ರಕ್ತ. ಅವಳ ಮುತ್ತಜ್ಜಿ, ಎಂದರೆ ಅಜ್ಜನ ತಾಯಿ, ಮೂರು ವರ್ಷದ ಮಗನನ್ನೂ ಏಳು ವರ್ಷದ ಮಗಳನ್ನೂ ಬಿಟ್ಟು ಯಾರ ಜೊತೆಗೋ ಓಡಿಹೋದಳು ಎಂಬುದು ಕಥೆ. ಯಾರ ಜೊತೆಗೆ, ಎಲ್ಲಿಗೆ ಎಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಮನೆಯ ಹೆಣ್ಣೊಬ್ಬಳು ಹೊಸಿಲಾಚೆ ಕಾಲಿಟ್ಟರೆ ಸಾಕು, ಆ ಮಾತು ಹಾಜರ್.

ಕೆಂಡಕ್ಕನ ಅತ್ತೆ, ಅಪ್ಪನ ಅಕ್ಕ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಾದಿ ತರಬೇತಿಗೆ ಆಯ್ಕೆಯಾಗಿದ್ದರು. ಬೇರೆ ಊರು, ಹಾಸ್ಟೆಲ್ಲು, ಎರಡು ವರ್ಷ. ಪತ್ರ ಬಂದ ದಿನ ಅಜ್ಜ ಅದನ್ನು ಓದಲೂ ಇಲ್ಲ, ಹರಿದು ನಾಲ್ಕು ತುಂಡು ಮಾಡಿ, "ಒಬ್ಬಳು ಹೋಗಿದ್ದು ಸಾಲದಾ?" ಎಂದರು. ಮೂರು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಅದೇ ಮಗು ಮನೆಯಲ್ಲಿ ಎಲ್ಲರಿಗಿಂತ ಕಲ್ಲಾಗಿ ಬೆಳೆದಿತ್ತು. ಅತ್ತೆ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಊರವರ ಪರದೆ, ದಿಂಬಿನ ಗವಸು ಹೊಲಿಯುತ್ತಾ ಅರವತ್ತು ವರ್ಷ ಕಳೆದರು. ಮದುವೆಯೂ ಆಗಲಿಲ್ಲ.

ಕೆಂಡಕ್ಕ ಡಿಪೋ ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಅದೇ ರಾಗ. "ಗಂಡಸರ ನಡುವೆ, ಬಸ್ಸುಗಳ ನಡುವೆ... ಮುತ್ತಜ್ಜಿಯ ದಾರಿ ಹಿಡಿದ್ಳು" ಎಂದರು. ಅವಳು ಊಟ ಬಿಟ್ಟು ಮೂರು ದಿನ ಕೂತಳು. ನಾಲ್ಕನೆಯ ದಿನ ಅಪ್ಪ ಒಪ್ಪಿದ. ಗೊತ್ತಾಗಿದ್ದ ಮದುವೆ ಮಾತ್ರ ಮುರಿಯಿತು. ಹುಡುಗನ ಕಡೆಯವರಿಗೆ ಯಾರೋ ಹಳೆಯ ಕಥೆ ಮುಟ್ಟಿಸಿದ್ದರು. ಆಮೇಲೆ ಬೇರೊಬ್ಬನನ್ನು ಮದುವೆಯಾದಳು, ಬಾಳಿದಳು. ಅದು ಬೇರೆ ಮಾತು.

ಅವಳು ನಿವೃತ್ತಳಾದ ವರ್ಷ ದೊಡ್ಡಪ್ಪ ವಂಶಾವಳಿಯ ಪುಸ್ತಕ ತರಲು ಹೊರಟರು. ದೊಡ್ಡಪ್ಪ ಅಪ್ಪನ ಸ್ವಂತ ಅಣ್ಣನಲ್ಲ. ಮುತ್ತಜ್ಜ ಎರಡನೆಯ ಮದುವೆಯಾಗಿದ್ದರು. ಆ ಹೆಂಡತಿಯ ಮೊಮ್ಮಗ ಇವರು. ನಿವೃತ್ತ ಹೆಡ್ ಮಾಸ್ಟರು. ಮನೆಯಲ್ಲಿ ಮಾತಾಡುವಾಗಲೂ ಕೈಯಲ್ಲಿ ಸೀಮೆಸುಣ್ಣ ಇದೆಯೇನೋ ಎಂಬಂತೆ ಎರಡು ಬೆರಳು ಜೋಡಿಸಿ ಹಿಡಿದಿರುತ್ತಿದ್ದರು. ಅರವತ್ತಮೂರು ಮನೆಗಳಿಗೆ ಹಂಚುವ ಪುಸ್ತಕ, ದಪ್ಪ ರಟ್ಟು, ಮೊದಲ ಪುಟದಲ್ಲಿ ಮುತ್ತಜ್ಜನ ಫೋಟೋ. ಕರಡನ್ನು ಕೆಂಡಕ್ಕನ ಕೈಗೆ ಕೊಟ್ಟು, "ನಿನಗೆ ತಾರೀಖು ನೋಡೋ ಅಭ್ಯಾಸ ಇದೆಯಲ್ಲ. ಒಂದ್ಸಲ ಕಣ್ಣಾಡಿಸು" ಎಂದರು.

ಅವಳು ಕಣ್ಣಾಡಿಸಿದಳು. ಮುತ್ತಜ್ಜನ ಮುಂದೆ ಹುಟ್ಟಿದ ದಿನ, ಸತ್ತ ದಿನ, ಕಟ್ಟಿಸಿದ ಮನೆ, ಪಡೆದ ಸನ್ಮಾನ. ಎರಡನೆಯ ಹೆಂಡತಿಯ ಮುಂದೆಯೂ ಅರ್ಧ ಪುಟ. ಮೊದಲ ಹೆಂಡತಿಯ ಮುಂದೆ ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ಆಮೇಲೆ ಎರಡು ಪದ: ಮನೆ ತೊರೆದಳು.

"ದೊಡ್ಡಪ್ಪ, ಇವಳು ಯಾವತ್ತು ಸತ್ತಳು?"

"ಅದೆಲ್ಲ ಯಾರಿಗೆ ಗೊತ್ತಮ್ಮ. ಹೋದವಳು ಹೋದಳು."

"ಸಾಯದೆ ಇನ್ನೂ ಬದುಕಿದಾಳಾ? ನೂರಾ ಮೂವತ್ನಾಲ್ಕು ವರ್ಷ ಆಗಿರುತ್ತೆ ಈಗ."

ದೊಡ್ಡಪ್ಪ ನಗಲಿಲ್ಲ. "ಆ ಸಾಲನ್ನ ಬಿಟ್ಟು ಉಳಿದದ್ದು ನೋಡು" ಎಂದರು.

ಅವಳು ಉಳಿದದ್ದನ್ನು ಬಿಟ್ಟು ಆ ಸಾಲನ್ನೇ ಹಿಡಿದಳು. ನಗರದ ಹಳೆಯ ದಾಖಲೆಗಳ ಕೋಣೆ ಕಚೇರಿಯ ನೆಲಮಾಳಿಗೆಯಲ್ಲಿತ್ತು. ಗಾಳಿಯಾಡದ ಜಾಗ, ತೇವ ಹಿಡಿದ ಗೋಡೆ, ಕಬ್ಬಿಣದ ಕಪಾಟುಗಳು, ಒಂದೇ ಒಂದು ಉದ್ದನೆಯ ಮೇಜು. ಅಲ್ಲಿನ ಗುಮಾಸ್ತೆ ಶಾಲು ಹೊದ್ದು ಕೂತಿರುತ್ತಿದ್ದ ಸಣ್ಣ ಹೆಂಗಸು. ಅರ್ಜಿಯಲ್ಲಿ "ಉದ್ದೇಶ" ಎಂಬ ಕಡೆ ಕೆಂಡಕ್ಕ ಏನೂ ತುಂಬಿರಲಿಲ್ಲ.

"ಇಲ್ಲಿ ಏನಾದ್ರೂ ಬರೀಬೇಕು ನೀವು. ಆಸ್ತಿ ವಿಚಾರವಾ?"

"ಅಲ್ಲ. ಒಬ್ಬಳು ಎಲ್ಲಿಗೆ ಹೋದಳು ಅಂತ ನೋಡ್ಬೇಕು."

"ಯಾವಾಗ ಹೋಗಿದ್ದು?"

"ನೂರಾ ಎಂಟು ವರ್ಷ ಆಯ್ತು."

ಗುಮಾಸ್ತೆ ಕನ್ನಡಕದ ಮೇಲಿನಿಂದ ಒಂದು ಕ್ಷಣ ನೋಡಿ, "ಸ್ವಲ್ಪ ತಡವಾಗಿ ಹುಡುಕೋಕೆ ಬಂದಿದೀರಿ" ಎಂದಳು. ಅರ್ಜಿಯನ್ನು ಮಾತ್ರ ತೆಗೆದುಕೊಂಡಳು.

ಮೊದಲು ಸಿಕ್ಕಿದ್ದು ಆ ವರ್ಷದ ಮನೆ ತಪಾಸಣೆಯ ಪುಸ್ತಕ. ಬೀದಿ ಬೀದಿಯಾಗಿ, ಮನೆ ಮನೆಯಾಗಿ, ಯಾರು ಇದ್ದಾರೆ, ಯಾರಿಗೆ ಜ್ವರ ಎಂದು ಬರೆದಿದ್ದರು. ಮುತ್ತಜ್ಜನ ಮನೆಯ ಸಾಲಿನಲ್ಲಿ: ಗಂಡ, ಇಬ್ಬರು ಮಕ್ಕಳು. ಹೆಂಡತಿ ಮಾರ್ಚ್ ಆರರಂದು ಮನೆ ಬಿಟ್ಟು ಹೋಗಿದ್ದಾಳೆ, ಹೇಳಿದವರು ಗಂಡ.

ಹಾಗಾದರೆ ಕಥೆ ನಿಜವೇ? ಬೇರೆ ಯಾರಾದರೂ ಆಗಿದ್ದರೆ ಪುಸ್ತಕ ಮುಚ್ಚಿ ಮನೆಗೆ ಹೋಗುತ್ತಿದ್ದರು. ಕೆಂಡಕ್ಕ ಬೇರೆ ಪ್ರಶ್ನೆ ಕೇಳಿಕೊಂಡಳು: ಆ ವಾರ ರಸ್ತೆಯಲ್ಲಿ ಏನಾಗುತ್ತಿತ್ತು? ಮನೆ ಮನೆಗೂ ನುಗ್ಗಿ ಹೆಂಡತಿ ಎಲ್ಲಿ ಎಂದು ಯಾಕೆ ಕೇಳುತ್ತಿದ್ದರು?

ಉತ್ತರ ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲಿತ್ತು. ಆ ವರ್ಷ ಊರಿಗೆ ಜ್ವರ ಬಂದಿತ್ತು. ನದಿಯ ಆಚೆ ದಡದಲ್ಲಿ ನೂಲಿನ ಗಿರಣಿ, ಈಚೆ ದಡದಲ್ಲಿ ಮನೆಗಳು, ನಡುವೆ ಒಂದೇ ಸೇತುವೆ. ಜ್ವರ ಮೊದಲು ಕಾಣಿಸಿದ್ದು ಗಿರಣಿಯಲ್ಲಿ. ಮಾರ್ಚ್ ಒಂಬತ್ತರ ಮಧ್ಯಾಹ್ನ ಯಾರಿಗೂ ಮುನ್ಸೂಚನೆ ಕೊಡದೆ ಸೇತುವೆಗೆ ಮುಳ್ಳುತಂತಿ ಎಳೆದು ಕಾವಲು ಹಾಕಿದರು. ಬೆಳಿಗ್ಗೆ ಕೆಲಸಕ್ಕೆ ಹೋದ ಇನ್ನೂರ ಹನ್ನೆರಡು ಹೆಂಗಸರು ಆಚೆಯೇ ಉಳಿದರು. ನಲವತ್ತೊಂದು ದಿನ ಸೇತುವೆ ತೆರೆಯಲಿಲ್ಲ.

ಮನೆಯಲ್ಲಿ ಯಾರೂ ಹೇಳದಿದ್ದ ಸಂಗತಿಯೊಂದನ್ನು ಕೆಂಡಕ್ಕ ಅತ್ತೆಯ ಬಾಯಿಂದ ತೆಗೆದಳು. ಮುತ್ತಜ್ಜಿ ಎಲ್ಲಾದರೂ ಕೆಲಸಕ್ಕೆ ಹೋಗುತ್ತಿದ್ದಳೇ ಎಂದು ಕೇಳಿದಾಗ, ಅತ್ತೆ ಸೂಜಿಗೆ ದಾರ ಪೋಣಿಸುತ್ತಾ, "ದಾರದ ಕಾರ್ಖಾನೆಗೆ ಅಂತ ಕೇಳಿದ ನೆನಪು" ಎಂದರು.

ಗಿರಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಅದು ಮಂಚ, ಸೋಫಾ ಇಡುವ ಗೋದಾಮು. ಆದರೆ ಅದರ ಕಾಗದಪತ್ರಗಳನ್ನು ನಗರದ ಕಚೇರಿಗೆ ಕೊಟ್ಟಿದ್ದರು. ಗುಮಾಸ್ತೆ ಎರಡು ದಿನ ಹುಡುಕಿ ಹಾಜರಿ ಪುಸ್ತಕ ತೆಗೆದುಕೊಟ್ಟಳು. ಮುತ್ತಜ್ಜಿಯ ಹೆಸರಿನ ಮುಂದೆ ಮಾರ್ಚ್ ಆರು, ಏಳು, ಎಂಟು, ಒಂಬತ್ತು. ನಾಲ್ಕೂ ದಿನ ಹಾಜರಿ. ಒಂಬತ್ತರಂದು ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಒಳಗೆ ಬಂದಿದ್ದಳು, ಹತ್ತು ನಿಮಿಷ ಮುಂಚಿತವಾಗಿ.

ಕೆಂಡಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಆರರಂದು ಓಡಿಹೋದವಳು ಒಂಬತ್ತರವರೆಗೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಾಳಂತೆ.

ಅವಳು ಮನೆಗೆ ಬಂದು ಡಿಪೋದಿಂದ ತಂದಿದ್ದ ಖಾಲಿ ಲಾಗ್ ಶೀಟೊಂದನ್ನು ಊಟದ ಮೇಜಿನ ಮೇಲೆ ಹಾಸಿದಳು. ಎಡಗಡೆ ಮನೆ, ಬಲಗಡೆ ಊರು. ಒಂದೊಂದು ತಾರೀಖನ್ನೂ ಅದರದರ ಜಾಗದಲ್ಲಿ ಬರೆಯತೊಡಗಿದಳು. ಗಂಡ ತಟ್ಟೆ ಹಿಡಿದು ನಿಂತು, "ನಾನೆಲ್ಲಿ ಊಟ ಮಾಡ್ಲಿ?" ಎಂದ. "ಏಪ್ರಿಲ್ ಮೇಲೆ ಇಟ್ಕೋಬೇಡಿ. ಬೇರೆಲ್ಲಾದ್ರೂ ಕೂತ್ಕೊಳ್ಳಿ" ಎಂದಳು. ಆತ ಕಿಟಕಿಯ ಕಟ್ಟೆಯ ಮೇಲೆ ಕೂತು ಉಂಡ. ಆ ತಿಂಗಳಿಡೀ ಅಲ್ಲೇ ಉಂಡ.

ಸೇತುವೆ ಮುಚ್ಚಿದ ಮರುದಿನ ಬಲಗಡೆ ಒಂದು ಆದೇಶ: ಗಿರಣಿಯ ಕೆಲಸದವರು ಯಾವ ಮನೆಯವರೋ ಆ ಮನೆಗೆ ಹೊರಗಿನಿಂದ ಬೀಗ, ಬಾಗಿಲಿಗೆ ಸುಣ್ಣದ ಗುರುತು. ಎಡಗಡೆ: ಸೇತುವೆ ಮುಚ್ಚುವ ಮೂರು ದಿನ ಮೊದಲೇ ಹೆಂಡತಿ ಹೋದಳು ಎಂಬ ಗಂಡನ ಹೇಳಿಕೆ. ಕೆಂಡಕ್ಕನಿಗೆ ಅರ್ಥವಾಯಿತು. ಮಕ್ಕಳಿದ್ದ ಮನೆ, ಬೀಗ ಬಿದ್ದರೆ ನೀರಿಲ್ಲ, ಊಟವಿಲ್ಲ. ಹೆದರಿದ ಗಂಡಸು ಸುಳ್ಳು ಹೇಳಿದ. ಅಷ್ಟೇ ಆಗಿದ್ದರೆ ಅವಳು ಬಹುಶಃ ಕ್ಷಮಿಸಿಬಿಡುತ್ತಿದ್ದಳು.

ಅಷ್ಟೇ ಆಗಿರಲಿಲ್ಲ. ದೊಡ್ಡಪ್ಪನ ಕರಡಿನಲ್ಲಿ ಎರಡನೆಯ ಮದುವೆಗೆ ವರ್ಷ ಮಾತ್ರ ಇತ್ತು, ತಾರೀಖು ಇರಲಿಲ್ಲ. ವಿವಾಹ ನೋಂದಣಿಯ ಪುಸ್ತಕದಲ್ಲಿ ಅದು ಸಿಕ್ಕಿತು: ಏಪ್ರಿಲ್ ಮೂರು. ಶೀಟಿನ ಬಲಗಡೆ ಎಣಿಸಿದರೆ ಸೇತುವೆ ಮುಚ್ಚಿದ ಇಪ್ಪತ್ತಾರನೆಯ ದಿನ.

ಕೊನೆಯದಾಗಿ ಗುಮಾಸ್ತೆ ತಂದದ್ದು ಗಿರಣಿಯೊಳಗೆ ಸತ್ತವರ ಪಟ್ಟಿಯ ಪುಸ್ತಕ. ಐವತ್ತೆಂಟು ಹೆಸರು. ಮೂವತ್ತೊಂದನೆಯದು ಮುತ್ತಜ್ಜಿ. ವಯಸ್ಸು ಇಪ್ಪತ್ತಾರು. ಏಪ್ರಿಲ್ ಹತ್ತು, ಬೆಳಗಿನ ಜಾವ. ಗಂಡನ ಎರಡನೆಯ ಮದುವೆಯಾದ ಮೇಲೂ ಏಳು ದಿನ ಅವಳು ನದಿಯ ಆಚೆ ಬದುಕಿದ್ದಳು. ಅದೇ ಸಾಲಿನ ಕೊನೆಯಲ್ಲಿ: ಊಟದ ಡಬ್ಬಿ ಒಂದು, ಬಾಚಣಿಗೆ ಒಂದು, ಕಿವಿಯೋಲೆ ಒಂದು ಜೊತೆ. ಏಪ್ರಿಲ್ ಇಪ್ಪತ್ತೊಂದರಂದು ಗಂಡ ಪಡೆದುಕೊಂಡಿದ್ದಾನೆ. ಕೆಳಗೆ ಮುತ್ತಜ್ಜನ ರುಜು, ವಂಶಾವಳಿಯ ಮೊದಲ ಪುಟದಲ್ಲಿ ಫೋಟೋದಡಿ ದೊಡ್ಡಪ್ಪ ಅಚ್ಚು ಹಾಕಿಸಲು ಇಟ್ಟಿದ್ದ ಅದೇ ರುಜು.

ಗೊತ್ತಿತ್ತು. ಅವನಿಗೆ ಎಲ್ಲ ಗೊತ್ತಿತ್ತು. ಸತ್ತ ಹೆಂಡತಿಯ ಡಬ್ಬಿ ಹಿಡಿದು ಮನೆಗೆ ಬಂದವನು ಮೂರು ವರ್ಷದ ಮಗನಿಗೆ, ನಿನ್ನಮ್ಮ ನಿನ್ನನ್ನ ಬಿಟ್ಟು ಓಡಿಹೋದಳು, ಎಂದು ಹೇಳುತ್ತಲೇ ಬೆಳೆಸಿದ.

ಕೆಂಡಕ್ಕನಿಗೆ ಮೈಯೆಲ್ಲ ಉರಿಯತೊಡಗಿತು. ಆದರೂ ತಡೆದುಕೊಂಡು ಪಟ್ಟಿಯ ನಕಲು ಬೇಕೆಂದಳು. ಗುಮಾಸ್ತೆ ರಟ್ಟಿನ ಒಳಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿ, "ಇಲ್ಲಿ ಸಹಿ ಹಾಕಿ. ಪುಸ್ತಕ ನೋಡಿದವರೆಲ್ಲ ಹಾಕಬೇಕು" ಎಂದಳು. ಚೀಟಿಯಲ್ಲಿ ಆವರೆಗೆ ಎರಡೇ ಸಹಿಗಳಿದ್ದವು. ಒಂದು ಯಾರೋ ವೈದ್ಯರದು. ಇನ್ನೊಂದು ಹನ್ನೊಂದು ವರ್ಷ ಹಳೆಯದು. ದುಂಡನೆಯ ಅಕ್ಷರ, ಕೊನೆಯಲ್ಲಿ ಬಾಲ, ಕೆಳಗೆ ಅಚ್ಚುಕಟ್ಟಾಗಿ: ನಿವೃತ್ತ ಮುಖ್ಯೋಪಾಧ್ಯಾಯ.

"ಏನಾಯ್ತು? ನೀರು ತರಲಾ?" ಎಂದಳು ಗುಮಾಸ್ತೆ.

"ಬೇಡ. ಇದರದ್ದೂ ಒಂದು ನಕಲು ಕೊಡಿ."

ದೊಡ್ಡಪ್ಪನ ಮನೆಗೆ ಅವಳು ಹೋದಾಗ ಮಧ್ಯಾಹ್ನ. ಅವರು ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಕೂತು ಪುಸ್ತಕದ ರಟ್ಟಿಗೆ ಬಣ್ಣ ಆರಿಸುತ್ತಿದ್ದರು. ಅವಳು ಕೂರಲಿಲ್ಲ. ಲಾಗ್ ಶೀಟನ್ನು ಅವರ ತೊಡೆಯ ಮೇಲೆ ಹರಡಿದಳು. ಅವರು ಓದಲಿಲ್ಲ. ಓದದೆ ಇದ್ದದ್ದೇ ಅವಳಿಗೆ ಉತ್ತರವಾಯಿತು.

"ಹನ್ನೊಂದು ವರ್ಷ. ಹನ್ನೊಂದು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡು ಅನ್ನ ಹೇಗೆ ತಿಂದ್ರಿ ದೊಡ್ಡಪ್ಪ?"

"ಕೂಗಬೇಡ. ಒಳಗೆ ಎಲ್ಲ ಮಲಗಿದಾರೆ."

"ಎದ್ದೇಳಲಿ!"

"ನೋಡು," ಎಂದು ದೊಡ್ಡಪ್ಪ ಎರಡು ಬೆರಳು ಜೋಡಿಸಿದರು. "ಕಾಲ ಎಂಥದ್ದು ಅಂತ ನೀನೇ ಬರೆದಿದೀಯಲ್ಲ. ಬಾಗಿಲಿಗೆ ಬೀಗ ಹಾಕ್ತಿದ್ರು. ಮಕ್ಕಳನ್ನ ಉಳಿಸೋಕೆ ಒಂದು ಸುಳ್ಳು ಹೇಳಿದ. ತಪ್ಪಾ?"

"ಬೀಗ ತೆಗೆದ ಮೇಲೆ ಸುಳ್ಳನ್ನ ಯಾಕೆ ತೆಗೀಲಿಲ್ಲ?"

ದೊಡ್ಡಪ್ಪ ದನಿ ಇಳಿಸಿ, "ಮೊದಲನೇ ಹೆಂಡತಿ ಬದುಕಿರುವಾಗ ಆದ ಮದುವೆ ಅಂದ್ರೆ ನಮ್ಮಜ್ಜಿ ಏನಾಗ್ತಾಳೆ? ನಮ್ಮಪ್ಪ ಏನಾಗ್ತಾನೆ? ನಾನು ಏನಾಗ್ತೀನಿ? ಅರವತ್ತಮೂರು ಮನೆ ಇದೆ. ಸತ್ತವಳೇನೂ ಎದ್ದು ಬರಲ್ಲ" ಎಂದರು.

"ಬದುಕಿರೋರು ಇದ್ರಲ್ಲ! ನಮ್ಮತ್ತೆ ಇನ್ನೂ ಬದುಕಿದ್ದಾರಲ್ಲ! ಓಡಿಹೋದವಳ ರಕ್ತ ಅಂತ ಅವರನ್ನ ಒಂದು ಕೋಣೇಲಿ ಕೂರಿಸಿದ್ರಿ. ಹೋದ ವರ್ಷ ನಿಮ್ಮ ಮೊಮ್ಮಗಳ ಮದುವೇಲಿ ನೀವೇ ನನ್ನ ಮುಂದೆ ಅದೇ ಮಾತಾಡಿ ನಕ್ಕಿದ್ರಿ. ಪಟ್ಟಿ ನೋಡಿದ ಮೇಲೆ! ಗೊತ್ತಿದ್ದೂ!"

"ಅಭ್ಯಾಸ ಬಲದಿಂದ ಬಂದಿರುತ್ತೆ," ಎಂದರು ಅವರು.

ಆ ಮಾತು ಕೇಳಿ ಕೆಂಡಕ್ಕ ಶೀಟು ಮಡಚಿಕೊಂಡು ಹೊರಬಂದಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ ಸಿಕ್ಕಿಸಿಕೊಂಡು, ಹಾಗೇ ಬೀದಿಯ ಕೊನೆಯವರೆಗೂ ನಡೆದಳು.

ಅತ್ತೆಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವರಿಗೆ ಎಂಬತ್ತೊಂದು. ಕೆಂಡಕ್ಕ ಹೊಲಿಗೆ ಯಂತ್ರದ ಮೇಲೆಯೇ ಶೀಟು ಹಾಸಿ, ಎಡದ್ದೊಂದು ಬಲದ್ದೊಂದು ಎಂದು ಗಟ್ಟಿಯಾಗಿ ಓದಿದಳು. ಕಣ್ಣೀರು ಬರಬಹುದು ಎಂದುಕೊಂಡು ಟವೆಲ್ಲು ಕೂಡ ತಂದಿಟ್ಟುಕೊಂಡಿದ್ದಳು. ಅತ್ತೆ ಅಳಲಿಲ್ಲ. ಕೊನೆಗೆ, "ಎಷ್ಟು ವಯಸ್ಸು ಅಂದೆ?" ಎಂದರು.

"ಇಪ್ಪತ್ತಾರು."

"ಇಪ್ಪತ್ತಾರು," ಎಂದು ಅತ್ತೆ ಹೇಳಿಕೊಂಡರು. "ನಾನು ಅವಳನ್ನ ಮುದುಕಿ ಅಂದ್ಕೊಂಡು ಬೈತಿದ್ದೆ ಕಣೇ. ಮುಂಡೇದು, ನೀನು ಓಡಿಹೋಗಿ ನನ್ನ ಕಾಲು ಮುರಿದೆ ಅಂತ. ಸೂಜಿ ಚುಚ್ಚಿದಾಗಲೆಲ್ಲ ಅವಳಿಗೇ ಶಾಪ ಹಾಕ್ತಿದ್ದೆ. ಅರವತ್ತು ವರ್ಷ." ಅವರ ಮುಖ ಕೆಂಪಾಯಿತು, ಕೈ ಮುಷ್ಟಿಯಾಗಿ ಯಂತ್ರದ ಹಲಗೆಯ ಮೇಲೆ ಬಿತ್ತು. "ನಮ್ಮಪ್ಪ ಸಾಯೋವಾಗ ಅಮ್ಮಾ ಅಂತ ಕರೆದ. ಕರೆದು, ತಕ್ಷಣ ತುಟಿ ಕಚ್ಚಿಕೊಂಡ. ಕರೀಬಾರದವಳನ್ನ ಕರೆದೆ ಅಂತ ನಾಚಿಕೊಂಡೇ ಸತ್ತ. ಆ ಮುದುಕ ನನ್ನ ಕೈಗೆ ಸಿಕ್ಕಿದ್ರೆ ಈ ಕತ್ತರಿಯಲ್ಲೇ..."

ಯಾವ ಮುದುಕ ಎಂದು ಕೇಳಬೇಕಾಗಿರಲಿಲ್ಲ. ಅತ್ತೆ ಎದ್ದು ಗೋಡೆಯ ಮೇಲಿನ ಮುತ್ತಜ್ಜನ ಫೋಟೋವನ್ನು ಇಳಿಸಿದರು. ಒಡೆಯಲಿಲ್ಲ. ಚೌಕಟ್ಟು ಬಿಚ್ಚಿ, ಚಿತ್ರ ತೆಗೆದು, ಗಾಜನ್ನು ಒರೆಸಿ, "ಗಾಜು ಚೆನ್ನಾಗಿದೆ, ಬೇರೆ ಏನಕ್ಕಾದ್ರೂ ಆಗುತ್ತೆ" ಎಂದು ಬದಿಗಿಟ್ಟರು. ಚಿತ್ರವನ್ನು ಬಟ್ಟೆಯ ಚೂರುಗಳ ಬುಟ್ಟಿಗೆ ಹಾಕಿದರು.

ಆಮೇಲೆ ಆದದ್ದನ್ನು ಬೇಗ ಹೇಳಿಬಿಡಬಹುದು. ಪುಸ್ತಕ ಅಚ್ಚಾಯಿತು. "ಮನೆ ತೊರೆದಳು" ಎಂಬ ಎರಡು ಪದ ಹೋಗಿತ್ತು. ಆ ಜಾಗದಲ್ಲಿ "ವಿವರ ಲಭ್ಯವಿಲ್ಲ" ಎಂದಿತ್ತು. ಅದನ್ನು ನೋಡಿ ಕೆಂಡಕ್ಕನ ಸಿಟ್ಟು ಇಮ್ಮಡಿಯಾಯಿತು. ಅವಳು ತನ್ನ ಎರಡು ಕಾಲಮ್ಮುಗಳನ್ನು ನಾಲ್ಕು ಪುಟದಲ್ಲಿ ಅಚ್ಚು ಮಾಡಿಸಿ, ಪಟ್ಟಿಯ ನಕಲನ್ನೂ ಚೀಟಿಯ ನಕಲನ್ನೂ ಸೇರಿಸಿ, ಅರವತ್ತಮೂರು ಮನೆಗೂ ಅಂಚೆಯಲ್ಲಿ ಕಳಿಸಿದಳು. ಹನ್ನೊಂದು ಮನೆಯವರು ಉತ್ತರ ಬರೆದರು. ಏಳು ಮನೆಯವರು ಮಾತು ಬಿಟ್ಟರು. ಒಬ್ಬ ಚಿಕ್ಕಪ್ಪ ಫೋನು ಮಾಡಿ, "ಸತ್ತವರ ಬಾಯಿಗೆ ಮಣ್ಣು ಬಿದ್ದಿದೆ, ಮತ್ತೆ ಯಾಕೆ ಕೆದಕ್ತೀಯ?" ಎಂದ. "ಮಣ್ಣು ಹಾಕಿದೋರು ಯಾರು ಅಂತ ಹೇಳೋಕೆ" ಎಂದು ಇವಳು ಫೋನಿಟ್ಟಳು. ದೊಡ್ಡಪ್ಪ ಏನೂ ಬರೆಯಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡಾಗ ಕೆಂಡಕ್ಕ ಹೋಗಲಿಲ್ಲ. ಹೋಗಬೇಕಿತ್ತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅವಳು ಯಾರ ಮಾತಿಗೂ ಸೊಪ್ಪು ಹಾಕಿಲ್ಲ.

ಬಿಡು ಎಂದರೆ ಬಿಡುವವಳೂ ಅಲ್ಲ. ಪಟ್ಟಿಯಲ್ಲಿ ಇನ್ನೂ ಐವತ್ತೇಳು ಹೆಸರುಗಳಿದ್ದವು. ಈಗ ಅವಳು ಅವರ ಮನೆಯವರನ್ನು ಹುಡುಕುತ್ತಾಳೆ. ವಾರಕ್ಕೆರಡು ದಿನ ನೆಲಮಾಳಿಗೆ. ಗುಮಾಸ್ತೆ ಅವಳಿಗೆಂದೇ ಒಂದು ಕುರ್ಚಿಗೆ ದಿಂಬು ಕಟ್ಟಿದ್ದಾಳೆ. ಗವಸು ಅತ್ತೆ ಹೊಲಿದದ್ದು. ಹಳೆಯ ವಿಳಾಸ ಹಿಡಿದು ಬೀದಿ ಬೀದಿ ತಿರುಗುವಾಗ ಹೆಚ್ಚಿನವರು ಬಾಗಿಲಲ್ಲೇ ತಲೆಯಾಡಿಸಿ ಕಳಿಸುತ್ತಾರೆ. ಆ ಬೀದಿಗಳಲ್ಲಿ ಹಳೆಯ ಮನೆಗಳೂ ಹೆಚ್ಚು ಉಳಿದಿಲ್ಲ.

ಮೊನ್ನೆ ನದಿಯ ಈಚೆ ದಡದ ಒಂದು ಕ್ಷೌರದಂಗಡಿಗೆ ಹೋಗಿದ್ದಳು. ಪಟ್ಟಿಯ ಹದಿನಾಲ್ಕನೆಯ ಹೆಸರಿನ ಮನೆ ಇದ್ದ ಜಾಗ ಅದು. ಕ್ಷೌರಿಕ ಅರವತ್ತರ ಆಸುಪಾಸಿನವನು. ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತಿ ಅರ್ಧ ತಲೆಯ ಕೂದಲು ಕತ್ತರಿಸಿದ್ದ. ಕೆಂಡಕ್ಕ ಬಾಗಿಲಲ್ಲೇ ನಿಂತು ಸೇತುವೆ, ಗಿರಣಿ, ಜ್ವರ ಎಂದು ಹೇಳತೊಡಗಿದಳು. ಅವನು ಕೆಲಸ ನಿಲ್ಲಿಸದೆ, "ನಮ್ಮ ಮನೇಲಿ ಜ್ವರದಲ್ಲಿ ಸತ್ತೋರು ಯಾರೂ ಇಲ್ಲಮ್ಮ" ಎಂದ.

ಅವಳು ಕೈಚೀಲ ಹೆಗಲಿಗೇರಿಸಿ ಹೊರಟಳು. ಎರಡು ಹೆಜ್ಜೆ ಇಟ್ಟಿರಬೇಕು, ಹಿಂದಿನಿಂದ ಕತ್ತರಿಯ ಸದ್ದು ನಿಂತಿತು.

"ಅಮ್ಮಾ, ಒಂದ್ನಿಮಿಷ," ಎಂದ ಅವನು. ಮುಖದಲ್ಲಿ ಸಂಕೋಚ. ಗಿರಾಕಿಗೆ ಕೇಳಿಸಬಾರದೆಂಬಂತೆ ಬಾಗಿಲವರೆಗೂ ಬಂದ. "ನಮ್ಮ ಮನೇಲೂ ಒಬ್ಬಳು ಓಡಿಹೋದವಳು ಇದ್ದಾಳೆ. ನಮ್ಮಪ್ಪನ ಅಜ್ಜಿ. ಅವಳ ವಿಷಯ ನಾವು ಮಾತಾಡಲ್ಲ."

ಕೆಂಡಕ್ಕ ಒಳಗೆ ಬಂದು, ಖಾಲಿಯಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತಳು. ಗಿರಾಕಿ ಅರ್ಧ ತಲೆಯಲ್ಲೇ ಇವಳ ಕಡೆ ತಿರುಗಿದ. ಅವಳು ಚೀಲದಿಂದ ಪೆನ್ನು ತೆಗೆದಳು.

"ಮಾತಾಡೋಣ," ಎಂದಳು. "ಯಾವ ವರ್ಷ ಓಡಿಹೋದಳು ಅಂತ ಹೇಳಿದ್ರು ನಿಮಗೆ?"